ಎರೆಮಣ್ಣಿನ ಸೈಟ್, ಸಣ್ಣ ಮನೆ: ಮಣ್ಣು ಪರೀಕ್ಷೆ ಬೇಕಾ?

ಪ್ರಶ್ನೆ: ಗದಗದ ಹತ್ತಿರ 30×40 ಸೈಟ್ ಇದೆ, ಎರೆಮಣ್ಣು. ಒಂದೇ ಅಂತಸ್ತಿನ ಮನೆ ಕಟ್ಟಬೇಕು. ಗೌಂಡಿ "ನೆಲ ಕಲ್ಲಿನಂಗ ಐತ್ರಿ, ಹಾರೆ ಇಳಿಯವಲ್ದು, ಐದಡಿ ತೋಡಿ ಮರಳು ತುಂಬಿದ್ರ ಸಾಕು" ಅಂತಾರೆ. ಪಕ್ಕದ ಮನೆಯವರೂ ಪರೀಕ್ಷೆ ಮಾಡಿಸಿಲ್ಲ. ಇಷ್ಟು ಸಣ್ಣ ಮನೆಗೆ ಆ ಖರ್ಚು ಬೇಕಾ?

ಉತ್ತರ: ಬೇಕು. ಊರಿನ ಹೆಸರು ಮಾತ್ರ ಬದಲಾಗಿ ಪ್ರತಿ ಬೇಸಿಗೆ ಇದೇ ಪ್ರಶ್ನೆ ಬರುತ್ತದೆ, ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ನಿಮ್ಮ ಗೌಂಡಿ ಸುಳ್ಳು ಹೇಳುತ್ತಿಲ್ಲ. ಏಪ್ರಿಲ್‌ನಲ್ಲಿ ಎರೆ ಅಷ್ಟು ಗಟ್ಟಿಯಾಗೇ ಇರುತ್ತದೆ. ಆಗ ನೆಲದ ಗಟ್ಟಿತನ ಅಳೆಯುವ ನಮ್ಮ ಎಸ್‌ಪಿಟಿ ಪರೀಕ್ಷೆಯೂ ಮೋಸ ಮಾಡುತ್ತದೆ. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾ, ಕೊಳವೆ ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುತ್ತೇವಲ್ಲ, ಒಣ ಎರೆಯಲ್ಲಿ ಆ ಲೆಕ್ಕ ಜಾಸ್ತಿ ಬರುತ್ತದೆ. ಅದನ್ನೇ ನಂಬಿ ಎಸ್‌ಬಿಸಿ (ನೆಲ ಸುರಕ್ಷಿತವಾಗಿ ಹೊರಬಲ್ಲ ಭಾರ) ಬರೆದುಕೊಟ್ಟವರನ್ನು ಆಗಸ್ಟ್‌ನಲ್ಲಿ ಅದೇ ಸೈಟಿಗೆ ಕರೆದು ನಿಲ್ಲಿಸಿ, ಚಪ್ಪಲಿ ಅಲ್ಲೇ ಬಿಟ್ಟು ಬರುತ್ತಾರೆ.

ಇನ್ನು "ಸಣ್ಣ ಮನೆ" ಅನ್ನುವ ಮಾತು. ಇದು ಪೂರ್ತಿ ಉಲ್ಟಾ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಇರುತ್ತದೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಉಬ್ಬುವಾಗ ಪಾಯವನ್ನು ಮೇಲಕ್ಕೆ ತಳ್ಳುತ್ತದೆ. ಐದಂತಸ್ತಿನ ಕಟ್ಟಡ ತನ್ನ ತೂಕದಿಂದಲೇ ಅದನ್ನು ಒಂದಷ್ಟು ತಡೆಯುತ್ತದೆ, ನಿಮ್ಮ ಹಗುರ ಮನೆಗೆ ಆ ತೂಕ ಎಲ್ಲಿದೆ? ಎಲ್ಲ ಕಡೆ ಸಮವಾಗಿ ಎದ್ದರೆ ಹೇಗೋ ನಡೆದೀತು. ಆದರೆ ಮನೆಯ ನಡುಭಾಗದ ಅಡಿ ತೇವ ಹಾಗೇ ಉಳಿಯುತ್ತದೆ, ಅಂಚಿನ ಮಣ್ಣು ಮಾತ್ರ ವರ್ಷವರ್ಷ ನೆನೆದು ಒಣಗುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬರುವುದು ಹೀಗೆ. ಪಕ್ಕದ ಮನೆಯವರು ಚಹಾಕ್ಕೆ ಕರೆದರೆ ಗೋಡೆಯ ಕ್ಯಾಲೆಂಡರ್ ಸ್ವಲ್ಪ ಸರಿಸಿ ನೋಡಿ.

ಮರಳು ತುಂಬುವ ಸಲಹೆ ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಸುತ್ತ ನೀರು ಇಳಿಯದ ಜೇಡಿ, ನಡುವೆ ಮರಳು ತುಂಬಿದ ಗುಂಡಿ. ಮಳೆನೀರು, ಬಚ್ಚಲ ನೀರು ಎಲ್ಲ ಅಲ್ಲಿ ನಿಂತು ತಳದ ಎರೆಗೆ ನಿಧಾನವಾಗಿ ಕುಡಿಸುತ್ತದೆ. ಇದರ ಬದಲು ಉಬ್ಬದ, ಆದರೆ ಸ್ವಲ್ಪ ಅಂಟಿರುವ ಗರಸನ್ನು ಪದರ ಪದರವಾಗಿ ದಮ್ಮಸು ಮಾಡಿ ಹಾಕುವ ಸಿಎನ್‌ಎಸ್ ವಿಧಾನವನ್ನು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಹಾಗಂತ ಟ್ರ್ಯಾಕ್ಟರ್‌ನವನು ತಂದು ಸುರಿದ ಕೆಂಪು ಮಣ್ಣೆಲ್ಲ ಅದಕ್ಕೆ ಆಗುವುದಿಲ್ಲ, ಅದನ್ನೂ ಪರೀಕ್ಷಿಸಬೇಕು.

ಎರೆ ಎಷ್ಟು ಆಳ ಇದೆ ಅನ್ನುವುದೇ ನಿಮಗಿನ್ನೂ ಗೊತ್ತಿಲ್ಲ. ಆರಡಿಗೆ ಗಟ್ಟಿ ಗರಸು ಸಿಕ್ಕರೆ ಪಾಯ ಅಲ್ಲಿಗೇ ಇಳಿಸಿ, ಪೈಲ್ (ನೆಲದೊಳಗೆ ಆಳಕ್ಕಿಳಿಸುವ ಕಾಂಕ್ರೀಟ್ ಕಂಬ) ಖರ್ಚು ಉಳಿಯುತ್ತದೆ. ಸಿಗದಿದ್ದರೆ ಬುಡದಲ್ಲಿ ಉಬ್ಬಿರುವ ಅಂಡರ್‌ರೀಮ್ಡ್ ಪೈಲ್, ಕನಿಷ್ಠ 3.5 ಮೀಟರ್ ಆಳಕ್ಕೆ, ಅದರ ಬುಡದ ಉಬ್ಬು ಋತುಮಾನದ ತೇವ ಮುಟ್ಟದ ಕಡೆ ಕೂರಬೇಕು. ಮೇಲಿನ ಬೀಮ್ ಮತ್ತು ನೆಲದ ನಡುವೆ ಕನಿಷ್ಠ 80 ಮಿ.ಮೀ. ಖಾಲಿ ಇರಬೇಕು. ಸೆಂಟ್ರಿಂಗ್ ಖರ್ಚು ಉಳಿಯುತ್ತದೆ ಅಂತ ನೆಲದ ಮೇಲೇ ಕಾಂಕ್ರೀಟ್ ಸುರಿಯುವವರಿದ್ದಾರೆ, ಆ ದಿನ ರಜೆ ಹಾಕಿ ಎದುರು ನಿಲ್ಲಿ.

ರಿಪೋರ್ಟ್‌ನಲ್ಲಿ ಬರೀ ಎಸ್‌ಬಿಸಿ ಸಂಖ್ಯೆ ಇದ್ದರೆ ದುಡ್ಡು ಕೊಡಬೇಡಿ. ಕೊರೆದ ತಾರೀಕು, ಲಿಕ್ವಿಡ್ ಲಿಮಿಟ್ (ಎಷ್ಟು ನೀರು ಸೇರಿದರೆ ಮಣ್ಣು ಹರಿಯುವಷ್ಟು ಮೆತ್ತಗಾಗುತ್ತದೆ ಅನ್ನುವುದು), ಉಬ್ಬುವ ಒತ್ತಡ ಮತ್ತು ಫ್ರೀ ಸ್ವೆಲ್ ಇಂಡೆಕ್ಸ್ ಇರಲೇಬೇಕು. ಕೊನೆಯದಂತೂ ತೀರಾ ಅಗ್ಗದ್ದು. ಮಣ್ಣು ಪರೀಕ್ಷೆಯ ಭಾರತೀಯ ಮಾನಕ ಐಎಸ್ 2720ರ ಪ್ರಕಾರ 10 ಗ್ರಾಂ ಮಣ್ಣು ನೀರಿನಲ್ಲಿ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಯಲ್ಲಿ ಹಾಕಿ 24 ಗಂಟೆ ಬಿಡುವುದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಎಷ್ಟು ಜಾಸ್ತಿ ಉಬ್ಬಿತು ಅನ್ನುವುದೇ ಲೆಕ್ಕ. 50 ಶೇಕಡಾ ದಾಟಿದರೆ ಗೌಂಡಿ ಮಾತು ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಬೋರ್‌ವೆಲ್‌ನವರಿಗೆ 40 ಅಡಿಗೆ ಕಲ್ಲು ಸಿಕ್ಕಿದೆ. ಸಾಲದಾ?
ನಿಮ್ಮ ಪಾಯ ನಿಲ್ಲುವುದು ಮೇಲಿನ ಹತ್ತು-ಹದಿನೈದು ಅಡಿಯಲ್ಲಿ. ಅದನ್ನು ಅವರು ಪುಡಿ ಮಾಡಿ ಊದಿಬಿಟ್ಟಿದ್ದಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆರೆ ತುಂಬಿಸಿದ ಲೇಔಟ್. ಜೆಸಿಬಿ ಓಡಾಡಿಸಿ ಗಟ್ಟಿ ಮಾಡಿದ್ದಾರಂತೆ.
ಗಟ್ಟಿಯಾಗಿರುವುದು ಜೆಸಿಬಿ ಚಕ್ರದಡಿಯ ಒಂದಡಿ. ಅದರ ಕೆಳಗೆ ತುಂಬಿದ ಕಟ್ಟಡ ಒಡೆದ ಕಸ, ಅದರಡಿಯ ಕೆಸರು ದಾಟಿ ಮೂಲ ನೆಲ ಸಿಗುವವರೆಗೆ ಕೊರೆಸಿ, ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ.

ಪ್ರಶ್ನೆ: ಮಣ್ಣಿನ ಫೋಟೋ ಕಳಿಸಿದ್ದೇನೆ, ಎಸ್‌ಬಿಸಿ ಹೇಳಿ ಸರ್.
ಫೋಟೋ ಚೆನ್ನಾಗಿ ಬಂದಿದೆ.

ಪ್ರಶ್ನೆ: ತೆಂಗಿನಕಾಯಿ ಹಿಡಿದು ನೆಲದ ಗಟ್ಟಿತನ ಹೇಳುವವರೊಬ್ಬರು ಸಿಕ್ಕಿದ್ದಾರೆ.
ಕಾಯಿ ಇಸ್ಕೊಂಡು ಚಟ್ನಿ ಮಾಡಿ.

ಪ್ರಶ್ನೆ: ಕೊರೆಯದೆ ರಿಪೋರ್ಟ್ ಸಿಗುತ್ತಾ? ಕಡತಕ್ಕೆ ಒಂದು ಕಾಗದ ಇದ್ದರೆ ಸಾಕು.
ಸಿಗುತ್ತದೆ, ಬೇರೆ ಯಾರದೋ ಸೈಟಿನ ಅಂಕಿ ಮೇಲೆ ನಿಮ್ಮ ಹೆಸರು ಹಾಕಿ ಕೊಡುವವರಿದ್ದಾರೆ. ಅವರ ಫೋನ್ ನಂಬರ್ ಮಾತ್ರ ನನ್ನನ್ನು ಕೇಳಬೇಡಿ.