ಅಟ್ಟದ ಮೇಲಿನ ಡಬ್ಬಿಗಳು

(ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ಸಲಹೆ ಕೇಳಿ ಮೊದಲು ಫೋನ್ ಮಾಡಿದ್ದು ಹೆಂಡತಿ. "ನಮ್ಮೆಜಮಾನ್ರಿಗೆ ಮೂವತ್ತನಾಲ್ಕು ವರ್ಷ ಮೇಡಂ. ಆಫೀಸಲ್ಲಿ ಕೈಕೆಳಗೆ ಹತ್ತು ಜನ ಇದ್ದಾರೆ. ಮನೇಲಿ ಗೊಂಬೆ ತಂದು ಬಚ್ಚಿಡ್ತಾರೆ" ಎಂದರು. ನನಗೆ ಒಳಗೊಳಗೇ ನಗು ಬಂತು. ನಗಬಾರದಿತ್ತು.

ಗಂಡನನ್ನು ನಿಖಿಲ್ ಅನ್ನೋಣ. ಕೆಲವು ವರ್ಷಗಳ ಹಿಂದೆ ಆಫೀಸ್ ಕೆಲಸಕ್ಕೆ ಟೋಕಿಯೊಗೆ ಹೋದಾಗ ಒಂದು ಬೇರ್‌ಬ್ರಿಕ್ ಕೊಂಡು ತಂದಿದ್ದರು. ಕರಡಿ ಆಕಾರದ ಪ್ಲಾಸ್ಟಿಕ್ ಗೊಂಬೆ ಅದು, 2001ರಲ್ಲಿ ಮೆಡಿಕಾಮ್ ಟಾಯ್ ಶುರು ಮಾಡಿದ್ದು. ಆಕಾರ ಯಾವಾಗಲೂ ಅದೇ, ಮೈಮೇಲಿನ ಚಿತ್ರ ಮಾತ್ರ ಒಬ್ಬೊಬ್ಬ ಕಲಾವಿದರದ್ದು ಒಂದೊಂದು ಥರ. ಎತ್ತರವನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ: 100% ಅಂದರೆ 7 ಸೆಂಟಿಮೀಟರ್, 400% ಅಂದರೆ 28. ಹಾಂಗ್‌ಕಾಂಗ್‌ನ ಮೈಕೆಲ್ ಲಾವ್ 1999ರಲ್ಲಿ ಮಾಡಿದ 'ಗಾರ್ಡನರ್' ಗೊಂಬೆಗಳಿಂದ ಈ ಕಲೆ ಹೇಗೆ ಬೆಳೆಯಿತು ಅಂತ ನಿಖಿಲ್ ನನಗೆ ಪಾಠವನ್ನೇ ಮಾಡಿದರು. ಹೇಳುವಾಗ ಮುಖ ಅರಳಿತ್ತು. ಮಗು ಆಟಿಕೆ ಹಿಡಿದುಕೊಂಡ ಹಾಗಲ್ಲ, ಸಂಗೀತ ಬಲ್ಲವರು ರಾಗದ ಬಗ್ಗೆ ಮಾತಾಡುವ ಹಾಗೆ.

ಹಾಗಾದರೆ ತೊಂದರೆ ಎಲ್ಲಿ? ಎರಡು ವರ್ಷದಲ್ಲಿ 3,40,000 ರೂಪಾಯಿ. ಅದರಲ್ಲಿ 1,80,000 ಕ್ರೆಡಿಟ್ ಕಾರ್ಡ್ ಸಾಲ. ಪಾರ್ಸೆಲ್‌ಗಳು ಬರುತ್ತಿದ್ದುದು ಆಫೀಸ್ ವಿಳಾಸಕ್ಕೆ.

ಎರಡನೇ ಭೇಟಿಗೆ ಕೆಲವು ಗೊಂಬೆ ತನ್ನಿ ಎಂದಿದ್ದೆ. ಹನ್ನೊಂದು ತಂದರು. ಒಂದೊಂದನ್ನೇ ತೋರಿಸಿ ಕೇಳಿದೆ. ಟೋಕಿಯೊ ಕರಡಿಯ ಬಗ್ಗೆ ಹತ್ತು ನಿಮಿಷ ಮಾತು. ಉಳಿದವಕ್ಕೆ "ಇದು ಡಬಲ್" (ಇದ್ದದ್ದೇ ಮತ್ತೆ ಬಂದದ್ದು), "ಇದು ಬೇಡವಾಗಿತ್ತು, ಬಂತು" ಅಷ್ಟೇ. ಎರಡು ಗೊಂಬೆ ಮುಟ್ಟಿದರೆ ಅಂಟಂಟು. ಮೆತ್ತಗಿನ ವಿನೈಲ್ ಪ್ಲಾಸ್ಟಿಕ್‌ನಲ್ಲಿ ಬೆರೆಸಿರುವ ಎಣ್ಣೆಯಂಥ ಪದಾರ್ಥ ಸೆಕೆಗೆ ನಿಧಾನವಾಗಿ ಹೊರಗೆ ಜಿನುಗುತ್ತದಂತೆ. ಇದನ್ನು ವಿವರಿಸಿದ್ದೂ ಅವರೇ. ಆದರೆ ಆ ಎರಡು ವರ್ಷವಿಡೀ ಅಟ್ಟದ ಮೇಲೆ, ಶೀಟಿನ ಕೆಳಗೆ ಬೇಯುತ್ತಾ ಬಿದ್ದಿದ್ದವು. ಕೆಳಗಿಳಿಸಿ ನೋಡಿರಲೇ ಇಲ್ಲ.

ಟೋಕಿಯೊ ಕರಡಿ ಬಿಟ್ಟು ಉಳಿದವೆಲ್ಲ ಬ್ಲೈಂಡ್ ಬಾಕ್ಸ್‌ನಿಂದ ಬಂದವು. ಡಬ್ಬಿಯೊಳಗೆ ಯಾವ ಗೊಂಬೆ ಇದೆ ಅಂತ ತೆರೆಯುವ ತನಕ ಗೊತ್ತಾಗಲ್ಲ. ಈಗ ಎಲ್ಲರ ಬ್ಯಾಗಿಗೂ ನೇತಾಡುವ, ಒಂಬತ್ತು ಹಲ್ಲಿನ ಲಬುಬು ಕೂಡ ಹೆಚ್ಚಾಗಿ ಹೀಗೇ ಸಿಗುತ್ತದೆ. ಕಾಸಿಂಗ್ ಲುಂಗ್ ಎಂಬ ಚಿತ್ರಕಾರರು 2015ರಲ್ಲಿ ಮಾಡಿದ ಪಾತ್ರ ಅದು.

ಪೇಪರ್ ತೆಗೆದು ಲೆಕ್ಕ ಹಾಕಿದೆವು. ಲೆಕ್ಕ ಅವರದೇ, ನನಗೆ ಗಣಿತ ಅಷ್ಟಕ್ಕಷ್ಟೇ. ಸರಣಿಯಲ್ಲಿ 12 ಗೊಂಬೆ. ಬಿಡಿಬಿಡಿಯಾಗಿ ಕೊಳ್ಳುತ್ತಾ ಹೋದರೆ ಹನ್ನೆರಡೂ ಸೇರಲು ಸರಾಸರಿ 37 ಡಬ್ಬಿ ಬೇಕು. ಇನ್ನು ಅಪರೂಪಕ್ಕೆ ಸಿಗುವ 'ಸೀಕ್ರೆಟ್' ಗೊಂಬೆ 144 ಡಬ್ಬಿಗಳಲ್ಲಿ ಒಂದರಲ್ಲಿ ಇರುತ್ತದೆ ಅಂದುಕೊಳ್ಳಿ. 144 ಡಬ್ಬಿ ತೆರೆದರೂ ಅದು ಸಿಗದೇ ಇರುವ ಸಾಧ್ಯತೆ ಸುಮಾರು 37%.

"ಪೂರ್ತಿ ಕೇಸ್, ಅಂದ್ರೆ ಸರಣಿಯ ಡಬ್ಬಿಗಳಿರೋ ಇಡೀ ಪೆಟ್ಟಿಗೆ, ಒಟ್ಟಿಗೆ ಕೊಂಡರೆ ಸಾಮಾನ್ಯವಾಗಿ ಡಬಲ್ ಬರಲ್ಲ, ಅಲ್ವಾ?" ಎಂದೆ.

"ಗೊತ್ತು."

"ಮತ್ತೆ ಬಿಡಿಬಿಡಿಯಾಗಿ ಯಾಕೆ ಕೊಂಡ್ರಿ?"

ತುಂಬಾ ಹೊತ್ತು ಸುಮ್ಮನಿದ್ದರು. "ತೆರೆಯೋಕೆ" ಎಂದರು.

ಅಲ್ಲಿಗೆ ಪ್ರಕರಣದ ಗಂಟು ಬಿಚ್ಚಿತು. ಅವರು ಕೊಳ್ಳುತ್ತಿದ್ದುದು ಗೊಂಬೆಯನ್ನಲ್ಲ, ಡಬ್ಬಿ ಹರಿಯುವ ಆ ಅರ್ಧ ನಿಮಿಷವನ್ನು. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗದ ವಿಷಯ ಹೇಳಿದೆ. ಎಷ್ಟನೇ ಸಲ ಕುಕ್ಕಿದರೆ ಕಾಳು ಬೀಳುತ್ತದೆ ಅಂತ ತಿಳಿಯದಿದ್ದಾಗಲೇ ಹಕ್ಕಿ ಬಿಡದೆ ಕುಕ್ಕುತ್ತದೆ. ಜೂಜಿನ ಯಂತ್ರ ನಡೆಯುವುದೂ ಇದೇ ಗುಟ್ಟಿನ ಮೇಲೆ. ನಿಖಿಲ್ ಜಾಸ್ತಿ ಕೊಂಡಿದ್ದು ರಾತ್ರಿ ಹನ್ನೊಂದರ ಮೇಲೆ, ಕೆಲಸದ ಕಾಲ್ ಮುಗಿದ ಮೇಲೆ. ಅವರ ತಂದೆ ತೀರಿಕೊಂಡ ವರ್ಷ ಖರ್ಚು ಏಕಾಏಕಿ ಏರಿತ್ತು. ಅದನ್ನು ಮಾತಾಡಿ ಮುಗಿಸಲು ಎರಡು ಭೇಟಿ ಹಿಡಿಯಿತು. ಅದು ಇಲ್ಲಿ ಬೇಡ.

ಗೊಂಬೆ ಕೊಳ್ಳುವುದನ್ನು ಬಿಟ್ಟುಬಿಡಿ ಅಂತ ನಾನು ಹೇಳಲಿಲ್ಲ. ಹೆಂಡತಿಗೆ ಇದು ಅಷ್ಟು ಹಿಡಿಸಲಿಲ್ಲ. ಮುಚ್ಚಿದ ಡಬ್ಬಿ ಮಾತ್ರ ಪೂರ್ತಿ ಬಂದ್. ಬೇಕಾದ ಗೊಂಬೆ ಇಂಥದ್ದೇ ಅಂತ ಗೊತ್ತಿದ್ದರೆ, ತೆರೆದಿರುವುದನ್ನೇ ಬೇರೆ ಸಂಗ್ರಾಹಕರಿಂದ ಕೊಳ್ಳಿ. ಸ್ವಲ್ಪ ಜಾಸ್ತಿ ಬೆಲೆ ಆದರೂ ಒಂದೇ ಸಲ ಕೊಡುತ್ತೀರಿ. ನೋಡಿದ ಮೇಲೆ ಒಂದು ವಾರ ಕಾಯಿರಿ. ಕಾರ್ಡ್ ನಂಬರನ್ನು ಫೋನ್‌ನಿಂದ ಅಳಿಸಿ. ಮನೆಯಲ್ಲಿ ಒಂದೇ ಗಾಜಿನ ಕಪಾಟು, ಬಿಸಿಲು ಬೀಳದ ಕಡೆ. ಅದರಲ್ಲಿ ಜಾಗ ಇಲ್ಲದಿದ್ದರೆ ಹಳೆಯದೊಂದು ಹೊರಗೆ ಹೋಗಬೇಕು.

ಹೆಂಡತಿಗೂ ಒಂದು ಮಾತು ಹೇಳಬೇಕಿತ್ತು. "ನಿಮಗೆ ನೋವಾಗಿದ್ದು ಗೊಂಬೆಯಿಂದಲಾ, ಆಫೀಸಿಗೆ ಹೋದ ಪಾರ್ಸೆಲ್‌ನಿಂದಲಾ?" ಎಂದು ಕೇಳಿದೆ. ಪಾರ್ಸೆಲ್ ಎಂದರು. ಹಾಗಿದ್ದರೆ ಜಗಳವನ್ನು ಪಾರ್ಸೆಲ್ ಮೇಲೇ ಇಟ್ಟುಕೊಳ್ಳಿ, "ಮಕ್ಕಳ ಆಟ" ಅಂತ ಹಂಗಿಸಬೇಡಿ, ಹಂಗಿಸಿದಷ್ಟೂ ಬಚ್ಚಿಡುವುದು ಜಾಸ್ತಿಯಾಗುತ್ತದೆ ಎಂದೆ. ಸಾಲದ ಪೂರ್ತಿ ಮೊತ್ತವನ್ನು ನಿಖಿಲ್ ನನ್ನೆದುರೇ ಹೇಳಿದರು. ಆ ದಿನ ಆಕೆ ಅತ್ತರು, ಸಿಟ್ಟಾದರು. ಮುಂದಿನ ವಾರ ಇಬ್ಬರೂ ಒಟ್ಟಿಗೆ ಬಂದರು.

ಏಳು ತಿಂಗಳಾಗಿದೆ. ಡಬಲ್‌ಗಳು ಅರ್ಧ ಬೆಲೆಗೂ ಹೋಗಿಲ್ಲ. ಸಾಲ 70,000ಕ್ಕೆ ಇಳಿದಿದೆ. ಜೂನ್‌ನಲ್ಲಿ ಒಂದು ಸಲ ಜಾರಿ ಎರಡು ಡಬ್ಬಿ ಕೊಂಡರು, ಅದೇ ಸಂಜೆ ಮನೆಯಲ್ಲಿ ಹೇಳಿದರು. ಈಗ ದಸರಾ ಹತ್ತಿರ ಬಂತು. ಹೆಂಡತಿಯ ಮನೆಯಲ್ಲಿ ಪಟ್ಟದ ಗೊಂಬೆ ಕೂರಿಸಿ ಪ್ರತಿ ವರ್ಷ ಹೊಸದೊಂದು ಸೇರಿಸುವ ರೂಢಿ. ಈ ಸಲ ಕೆಳಗಿನ ಮೆಟ್ಟಿಲಲ್ಲಿ ಟೋಕಿಯೊ ಕರಡಿ ಇಡೋಣ ಅಂತ ಆಕೆಯೇ ಕೇಳಿದ್ದಾರೆ. ಅವರಮ್ಮ ಇನ್ನೂ ಒಪ್ಪಿಲ್ಲವಂತೆ.