ಗುರಾಣಿ ಹಿಡಿದರೆ ಎಸಿ ಯಾಕೆ ಇಳಿಯಿತು?

ಈ ಸಲ ಬಂದ ಪ್ರಶ್ನೆಗಳಲ್ಲಿ ಆರನ್ನು ಆರಿಸಿದ್ದೇನೆ. ಹೊಸದಾಗಿ ಓದುವವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವುದು ಮೇಜಿನ ಸುತ್ತ ಕೂತು ಆಡುವ ಕಥೆಯಾಟ. ಕಥೆ ನಡೆಸುವವರು ಡಿಎಂ. ಉಳಿದವರಿಗೆಲ್ಲ ಒಂದೊಂದು ಪಾತ್ರ. ಮಾಂಕ್, ರೋಗ್, ವಿಝರ್ಡ್, ಬಾರ್ಬೇರಿಯನ್ ಅನ್ನುವುದೆಲ್ಲ ಪಾತ್ರದ ಬಗೆಗಳು, ಅದಕ್ಕೆ ಕ್ಲಾಸ್ ಅನ್ನುತ್ತೇವೆ. ಡೆಕ್ಸ್ಟೆರಿಟಿ (ಚುರುಕು), ವಿಸ್ಡಮ್ (ವಿವೇಕ), ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) ಪಾತ್ರದ ಗುಣಗಳು, ಒಂದೊಂದಕ್ಕೂ ಅಂಕ ಇರುತ್ತದೆ. ಈ ಲೆಕ್ಕವನ್ನೆಲ್ಲ ಹಾಳೆಯ ಮೇಲೋ ಆ್ಯಪ್‌ನಲ್ಲೋ ಇಡುತ್ತೇವೆ. ನಿಯಮದ ಪುಸ್ತಕ ಕೆಲವರದು 2014ರದ್ದು, ಕೆಲವರದು 2024ರದ್ದು. ಕತ್ತಿ ತಗುಲಿತೋ ತಪ್ಪಿತೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು, ಲ್ಯಾಮಿನೇಷನ್ ಮೆಷಿನ್ ಪಕ್ಕಕ್ಕೆ ಸರಿಸಿ, ಅದೇ ಮೇಜಿನ ಮೇಲೆ ಆಡಿಸುತ್ತೇನೆ.

ಮೇಡಂ, ನನ್ನದು ಮಾಂಕ್, ಒಂದನೇ ಲೆವೆಲ್. ಡೆಕ್ಸ್ಟೆರಿಟಿ 16, ವಿಸ್ಡಮ್ 16. ಆ್ಯಪ್‌ನಲ್ಲಿ ಎಸಿ, ಅಂದರೆ ಆರ್ಮರ್ ಕ್ಲಾಸ್, 16 ಇತ್ತು. ಗಾಬ್ಲಿನ್ ಬಿಟ್ಟುಹೋದ ಗುರಾಣಿ ಎತ್ತಿಕೊಂಡೆ. 18 ಆಗಬೇಕಿತ್ತು, 15 ತೋರಿಸುತ್ತಿದೆ. ಆ್ಯಪ್ ಕೆಟ್ಟಿದೆಯಾ? ನಾವು 2014ರ ಪುಸ್ತಕದಲ್ಲಿ ಆಡುತ್ತೇವೆ.
— ಕಾಲೇಜು ವಿದ್ಯಾರ್ಥಿ, ಕುವೆಂಪುನಗರ

ಕೆಟ್ಟಿಲ್ಲಪ್ಪ. ಲೆಕ್ಕ ಸರಿಯಾಗೇ ಇದೆ. ಒಂದು ಪೆನ್ಸಿಲ್ ತೆಗೆದುಕೊಂಡು ನನ್ನ ಜೊತೆ ಬರೆಯಿರಿ.

ಎಸಿ ಅಂದರೆ ನಿಮಗೆ ಪೆಟ್ಟು ತಗುಲಬೇಕಾದರೆ ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ. ಮೈಮೇಲೆ ಕವಚ ಇಲ್ಲದ ಯಾರಿಗಾದರೂ ಅದು 10, ಜೊತೆಗೆ ಡೆಕ್ಸ್ಟೆರಿಟಿಯಿಂದ ಬರುವುದು. ನಿಮ್ಮ 16ರಲ್ಲಿ 10 ಕಳೆದು ಅರ್ಧ ಮಾಡಿದರೆ 3. ಅಲ್ಲಿಗೆ 13. ಮಾಂಕ್‌ಗೆ ಕವಚವಿಲ್ಲದ ರಕ್ಷಣೆ ಅಂತ ಒಂದು ವಿಶೇಷ ಗುಣ ಇದೆ. ಅದು ವಿಸ್ಡಮ್‌ನ 3 ಸೇರಿಸುತ್ತದೆ. ಹಾಗೆ 16 ಆಯಿತು. ಆದರೆ ಆ ಗುಣ ಉಳಿಯಬೇಕಾದರೆ ಕವಚವೂ ಇರಬಾರದು, ಗುರಾಣಿಯೂ ಇರಬಾರದು. ನೀವು ಗುರಾಣಿ ಹಿಡಿದ ಕೂಡಲೇ ವಿಸ್ಡಮ್‌ನ 3 ಹೋಯಿತು. ಗುರಾಣಿ 2 ಕೊಟ್ಟಿತು. 10, 3, 2. ಹದಿನೈದು.

ಇಷ್ಟೇ ಆಗಿದ್ದರೆ ಒಂದು ಅಂಕದ ನಷ್ಟ ಅಂತ ಸುಮ್ಮನಿರಬಹುದಿತ್ತು. ಮಾಂಕ್‌ಗೆ ಗುರಾಣಿ ಹಿಡಿಯುವ ತರಬೇತಿಯೇ ಇಲ್ಲ. ನಿಮ್ಮ 2014ರ ನಿಯಮದ ಪ್ರಕಾರ, ಅದು ಕೈಯಲ್ಲಿರುವಷ್ಟು ಹೊತ್ತು ನೀವು ಹೊಡೆಯುವಾಗಲೆಲ್ಲ ಡಿಸ್‌ಅಡ್ವಾಂಟೇಜ್. ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕು. ಮಾರ್ಷಲ್ ಆರ್ಟ್ಸ್ ಅನ್ನುವ ಮಾಂಕ್‌ನ ಹೋರಾಟದ ಗುಣ ಕೂಡ ಕೈಬಿಟ್ಟು ಹೋಗುತ್ತದೆ. 2024ರ ಪುಸ್ತಕದಲ್ಲಿ ಆಡಿದ್ದರೆ ಇನ್ನೂ ಕಡಿಮೆ. ಅದರಲ್ಲಿ ತರಬೇತಿ ಇಲ್ಲದವರಿಗೆ ಗುರಾಣಿಯ 2 ಸಿಗುವುದೇ ಇಲ್ಲ. ನಿಮ್ಮ ಎಸಿ 13ಕ್ಕೆ ನಿಲ್ಲುತ್ತಿತ್ತು.

ನಿಮ್ಮ ಗುಂಪಿನಲ್ಲಿ ಬಾರ್ಬೇರಿಯನ್ ಇದ್ದರೆ ಗುರಾಣಿ ಅವರಿಗೆ ಕೊಟ್ಟುಬಿಡಿ. ಅವರದು 10, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್. ಅವರು ಗುರಾಣಿ ಹಿಡಿದರೂ ಆ ಲೆಕ್ಕ ಕೆಡುವುದಿಲ್ಲ.

ನಿಮ್ಮ ಪ್ರಶ್ನೆಯನ್ನು ಮೊದಲಿಗೆ ಇಟ್ಟಿದ್ದಕ್ಕೆ ಕಾರಣ ಇದೆ. ಆ್ಯಪ್ ಉತ್ತರ ಕೊಡುತ್ತದೆ, ದಾರಿ ತೋರಿಸುವುದಿಲ್ಲ. ತೋರಿಸಿದರೂ ಆ ಸಂಖ್ಯೆಯನ್ನು ಒತ್ತಿ ಒಳಗೆ ಹೋಗಿ ನೋಡಬೇಕು, ಯಾರು ನೋಡುತ್ತಾರೆ? ನನ್ನ ಮೇಜಿಗೆ ಬರುವ ಹೊಸಬರಿಗೆ ಮೊದಲ ಪಾತ್ರವನ್ನು ಕಾಗದದ ಮೇಲೆ ಪೆನ್ಸಿಲ್‌ನಲ್ಲೇ ಮಾಡಿಸುತ್ತೇನೆ. ಪ್ರತಿ ಸಂಖ್ಯೆಯ ಕೆಳಗೆ ಸಣ್ಣಕ್ಷರದಲ್ಲಿ ಅದು ಎಲ್ಲಿಂದ ಬಂತು ಅಂತ ಬರೆಸುತ್ತೇನೆ. 16, ಅದರ ಕೆಳಗೆ 10+3+3. ಅಂಗಡಿಯಲ್ಲಿ ಬಿಲ್ ಕೊಟ್ಟರೆ ಯಾವುದಕ್ಕೆ ಎಷ್ಟು ಅಂತ ಗಿರಾಕಿ ಕೇಳುತ್ತಾರೆ, ನಾನು ಹೇಳಬೇಕು. ನಿಮ್ಮ ಹಾಳೆಯೂ ನಿಮಗೆ ಹಾಗೆ ಉತ್ತರ ಕೊಡುವಂತಿರಬೇಕು. ಒಂದು ಸಲ ಕೈಯಲ್ಲಿ ಮಾಡಿದವರು ಆಮೇಲೆ ಆ್ಯಪ್ ಬಳಸಲಿ, ಧಾರಾಳವಾಗಿ ಬಳಸಲಿ. ನಾನೂ ಬಳಸುತ್ತೇನೆ.

ಅಕ್ಕಾ, ನನ್ನದು ಮೂರನೇ ಲೆವೆಲ್ ರೋಗ್. ನನ್ನ ಸರದಿಯಲ್ಲಿ ಓರ್ಕ್‌ಗೆ ಸ್ನೀಕ್ ಅಟ್ಯಾಕ್ ಮಾಡಿದೆ, ಅದೇ ಹೊಂಚಿ ಹೊಡೆದು ಹೆಚ್ಚುವರಿ ದಾಳ ಸೇರಿಸುವುದು. ಅದು ಓಡಿಹೋಗುವಾಗ ಮತ್ತೆ ಇರಿದೆ, ಮತ್ತೆ ಆರು ಮುಖದ ಎರಡು ದಾಳ ಸೇರಿಸಿದೆ. ಅಣ್ಣನೇ ಡಿಎಂ. ರೌಂಡಿಗೆ ಒಂದೇ ಸಲ ಅಂತ ತೆಗೆಸಿಬಿಟ್ಟ. ಯಾರದು ಸರಿ?
— ಓದುಗಿ, ಮಂಡ್ಯ

ನಿನ್ನದೇ ಸರಿ ಕಣಮ್ಮ. ಆದರೆ ಅಣ್ಣನ ಮೇಲೆ ಕೋಪ ಬೇಡ. ಬಹಳ ಡಿಎಂಗಳು ಎಡವುವ ಜಾಗ ಇದು.

ಟರ್ನ್, ರೌಂಡ್ ಅಂತ ಇಂಗ್ಲಿಷಿನಲ್ಲಿ ಓದಿ ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ. ಕನ್ನಡದಲ್ಲಿ ಹೇಳಿಕೊಂಡರೆ ಗೊಂದಲವೇ ಇಲ್ಲ. ಒಂದು ಸರದಿ, ಇನ್ನೊಂದು ಸುತ್ತು. ಚೌಕಾಬಾರ ನೆನಪು ಮಾಡಿಕೊಳ್ಳಿ. ನೀನು ಕವಡೆ ಹಾಕಿ ಕಾಯಿ ನಡೆಸಿದರೆ ನಿನ್ನ ಸರದಿ ಮುಗಿಯಿತು. ನಾಲ್ಕೂ ಜನ ಹಾಕಿದರೆ ಒಂದು ಸುತ್ತು. ಸ್ನೀಕ್ ಅಟ್ಯಾಕ್ ಸರದಿಗೆ ಒಂದು ಸಲ. ಸುತ್ತಿಗೆ ಒಂದು ಸಲ ಅಂತ ಪುಸ್ತಕದಲ್ಲಿ ಎಲ್ಲೂ ಇಲ್ಲ. ಓರ್ಕ್ ಓಡಿದ್ದು ಅದರ ಸರದಿಯಲ್ಲಿ. ಅದು ಬೇರೆ ಸರದಿ, ಹಾಗಾಗಿ ನಿನಗೆ ಮತ್ತೆ ಅವಕಾಶ ಇದೆ.

ಷರತ್ತುಗಳು ಮಾತ್ರ ಮತ್ತೆ ಕೂಡಿಬರಬೇಕು. ಕೈಯಲ್ಲಿ ರೇಪಿಯರ್, ಚೂರಿಯಂಥ ಫಿನೆಸ್ ಆಯುಧ, ಅಂದರೆ ಚುರುಕಿನಿಂದ ಬಳಸುವಂಥದ್ದು, ಇರಬೇಕು. ನಿನಗೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಹೆಚ್ಚು ಬಿದ್ದದ್ದನ್ನು ತೆಗೆದುಕೊಳ್ಳುವುದು) ಇರಬೇಕು, ಇಲ್ಲವೇ ನಿಮ್ಮ ಕಡೆಯವರೊಬ್ಬರು ಓರ್ಕ್‌ನಿಂದ 5 ಅಡಿ ಒಳಗೆ ನಿಂತಿರಬೇಕು. ಓಡುವವನಿಗೆ ಕೊಡುವ ಪೆಟ್ಟು ಅವನು ನಿನ್ನ ಕೈಗೆ ಸಿಗದಂತಾಗುವ ಮುಂಚೆಯೇ ಬೀಳುತ್ತದೆ. ಹಾಗಾಗಿ ಆ ಕ್ಷಣಕ್ಕೆ ನಿಮ್ಮವರು ಅದರ ಪಕ್ಕದಲ್ಲೇ ಇದ್ದರೆ ಸಾಕು. ಇದಕ್ಕೆ ನಿನ್ನ ರಿಯಾಕ್ಷನ್, ಅಂದರೆ ಬೇರೆಯವರ ನಡೆಗೆ ತಕ್ಷಣ ಕೊಡುವ ಉತ್ತರ, ಖರ್ಚಾಗುತ್ತದೆ, ಮುಂದಿನ ಸರದಿ ಬರುವವರೆಗೆ ಇನ್ನೊಂದು ಸಿಗುವುದಿಲ್ಲ. ಓರ್ಕ್ ಡಿಸ್‌ಎಂಗೇಜ್ ಮಾಡಿ ಜಾರಿಕೊಂಡಿದ್ದರೆ ಮಾತ್ರ ಈ ಪೆಟ್ಟೇ ಇಲ್ಲ.

ಸ್ನೀಕ್ ಅಟ್ಯಾಕ್‌ನ ದಾಳಗಳನ್ನು ಆ್ಯಪ್ ಒಂದು ಸಾಲಿನಲ್ಲಿ ತೋರಿಸುತ್ತದೆ ಅಷ್ಟೇ. ಈಗ ಯಾರ ಸರದಿ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ನೋಡಬೇಕಾದವರು ಮೇಜಿನ ಸುತ್ತ ಕೂತವರು.

ನಮ್ಮ ಐದು ಜನರ ಪಾತ್ರಗಳೂ ಡಿ ಅಂಡ್ ಡಿ ಬಿಯಾಂಡ್ ಅನ್ನುವ ಪಾತ್ರದ ಹಾಳೆ ಇಡುವ ವೆಬ್‌ಸೈಟ್‌ನಲ್ಲಿ ಒಬ್ಬನ ಖಾತೆಯಲ್ಲಿವೆ. ಅವನು ಊರಿಗೆ ಹೋದರೆ ಆಟವೇ ನಿಲ್ಲುತ್ತದೆ. ಜೊತೆಗೆ ಹಳೆಯ ಪಾತ್ರಗಳ ಮುಂದೆ ಲೆಗಸಿ ಅಂತ ಬರುತ್ತಿದೆ. ಏನು ಮಾಡೋದು?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ವಿಜಯನಗರ

ಒಬ್ಬೊಬ್ಬರೂ ನಿಮ್ಮದೇ ಉಚಿತ ಖಾತೆ ತೆರೆಯಿರಿ. ಡಿಎಂ ಅದರಲ್ಲಿ ಒಂದು ಕ್ಯಾಂಪೇನ್ (ನಿಮ್ಮ ಗುಂಪಿನ ಆಟದ ಪುಟ) ಮಾಡಿ ಲಿಂಕ್ ಕಳಿಸಲಿ, ಎಲ್ಲರೂ ಅದರಲ್ಲಿ ಸೇರಿಕೊಳ್ಳಿ. ಆಗ ಪಾತ್ರ ನಿಮ್ಮ ಹತ್ತಿರವೇ ಇರುತ್ತದೆ, ಡಿಎಂಗೂ ಕಾಣುತ್ತದೆ.

ಲೆಗಸಿ ಅಂದರೆ ಅದು 2014ರ ನಿಯಮದ್ದು ಅಂತ. ಹಾಳಾಗಿದೆ ಅಂತ ಅಲ್ಲ. ಐದನೇ ಆವೃತ್ತಿ ಬಂದದ್ದು 2014ರಲ್ಲಿ, ತಿದ್ದಿದ ಪುಸ್ತಕ 2024ರಲ್ಲಿ. ನೋಡಲು ಒಂದೇ ಥರ, ಒಳಗೆ ವ್ಯತ್ಯಾಸ ಇದೆ. ಹಳೆಯದರಲ್ಲಿ ಪಾತ್ರದ ಕುಲದಿಂದ ಅಂಕ ಹೆಚ್ಚುತ್ತಿತ್ತು, ಹೊಸದರಲ್ಲಿ ಹಿನ್ನೆಲೆಯಿಂದ. ಹೀಲಿಂಗ್ ಪೋಷನ್ (ಗಾಯದ ಮದ್ದು) ಕುಡಿಯಲು ಹಳೆಯದರಲ್ಲಿ ಸರದಿಯ ಮುಖ್ಯ ಕೆಲಸವಾದ ಆ್ಯಕ್ಷನ್ ಪೂರಾ ಬೇಕು, ಹೊಸದರಲ್ಲಿ ಜೊತೆಗೆ ಮಾಡುವ ಚಿಕ್ಕ ಕೆಲಸವಾದ ಬೋನಸ್ ಆ್ಯಕ್ಷನ್ ಸಾಕು. ಪೋಷನ್ ಕುಡಿದು ಕತ್ತಿಯನ್ನೂ ಬೀಸಬಹುದೋ ಇಲ್ಲವೋ ಅನ್ನುವುದು ಇದರ ಮೇಲೆ ನಿಂತಿದೆ. ಹಾಗಾಗಿ ಐದೂ ಜನ ಕೂತು ಯಾವ ಪುಸ್ತಕ ಅಂತ ಮೊದಲು ಒಪ್ಪಿಕೊಳ್ಳಿ. ಅಜ್ಜಿ ಮನೆಯ ಚೌಕಾಬಾರಕ್ಕೂ ಅತ್ತೆ ಮನೆಯದಕ್ಕೂ ನಿಯಮ ಬೇರೆ ಇರುತ್ತದೆ, ಅಲ್ವಾ? ಕವಡೆ ಕೈಗೆ ತೆಗೆದುಕೊಳ್ಳುವ ಮುಂಚೆ ಕೇಳುತ್ತೇವೆ. ಇಲ್ಲೂ ಅಷ್ಟೆ.

ಇನ್ನೊಂದು, ದಯವಿಟ್ಟು ಮಾಡಿ. ಲೆವೆಲ್ ಏರಿದಾಗಲೆಲ್ಲ ಹಾಳೆಯನ್ನು ಪಿಡಿಎಫ್ ಮಾಡಿ ಪ್ರಿಂಟ್ ತೆಗೆಸಿಕೊಳ್ಳಿ. ಅಂಗಡಿಯವಳು ಅಂತ ಹೇಳುತ್ತಿಲ್ಲ. ಹೋದ ಮೇ ತಿಂಗಳ ಒಂದು ಭಾನುವಾರ, ನಮ್ಮ ಕಥೆ ಕುಂತಿಬೆಟ್ಟದ ಕೆಳಗಿನ ಗುಹೆಯಲ್ಲಿತ್ತು. ಹೊರಗೆ ಆಲಿಕಲ್ಲು ಮಳೆ. ಕರೆಂಟ್ ಹೋಯಿತು, ಹಿಂದೆಯೇ ನೆಟ್‌ವರ್ಕ್ ಕೂಡ. ಮೇಣದಬತ್ತಿ ಹಚ್ಚಿದೆವು. ವಿಝರ್ಡ್ ಆಡುತ್ತಿದ್ದ ಹುಡುಗಿಯ ಫೋನ್‌ನಲ್ಲಿ ಚಾರ್ಜ್ 4 ಪರ್ಸೆಂಟ್, ಪುಟ ತೆರೆಯುತ್ತಲೇ ಇಲ್ಲ. ತನ್ನ ಹತ್ತಿರ ಯಾವ ಮಂತ್ರ ಉಳಿದಿದೆ ಅಂತ ಅವಳಿಗೆ ಗೊತ್ತಿಲ್ಲ. ಎಂಟು ತಿಂಗಳು ಬೆಳೆಸಿದ ಪಾತ್ರ, ಅವತ್ತು ಅದರ ಹೆಸರು ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ಅವಳ ಕಣ್ಣು ತುಂಬಿಕೊಂಡದ್ದು ಬತ್ತಿಯ ಬೆಳಕಿನಲ್ಲಿ ಕಂಡಿತು. ಅಲ್ಲಿಗೇ ಆಟ ನಿಲ್ಲಿಸಿದೆ. ಅವತ್ತಿನಿಂದ ಪ್ರತಿಯೊಬ್ಬರ ಹಾಳೆಯೂ ಒಂದೊಂದು ಫೈಲಿನಲ್ಲಿ ನನ್ನ ಡ್ರಾಯರ್‌ನಲ್ಲಿದೆ.

ನನ್ನ ಮಗ ಒಂಬತ್ತನೇ ಕ್ಲಾಸು. ಭಾನುವಾರ ದಾಳದ ಆಟ ಅಂತ ಹೋಗುತ್ತಾನೆ. ದಾಳ ಅಂದರೆ ನಮಗೆ ಶಕುನಿಯೇ ನೆನಪಾಗುವುದು. ಇದು ಜೂಜಲ್ಲವೇ?
— ತಾಯಿ, ಶ್ರೀರಂಗಪಟ್ಟಣ

ಅಲ್ಲ. ಇದರಲ್ಲಿ ಪಣ ಇಲ್ಲ, ದುಡ್ಡಿಲ್ಲ. ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದೂ ಇಲ್ಲ. ಎಲ್ಲ ಸೇರಿ ಒಂದು ಕಥೆಯ ಕೊನೆ ಮುಟ್ಟುವುದು. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನುವ ಇಬ್ಬರು 1974ರಲ್ಲಿ ಇದನ್ನು ಹೊರತಂದರು. ದಾಳದ ಕೆಲಸ ಇಷ್ಟೇ: ಮಗ ಗೋಡೆ ಹಾರುತ್ತೇನೆ ಅಂದರೆ ಹಾರಿದನೋ ಬಿದ್ದನೋ ಹೇಳುವುದು.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ನನ್ನ ತಾಯಿಯೂ ಇದನ್ನೇ ಕೇಳಿದ್ದರು. ಅವರನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದೆ. ಅಲ್ಲಿನ ಗೋಡೆಯ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಟದ ಹಾಸುಗಳನ್ನು ಬರೆದಿದ್ದಾರೆ. ಆಟಗಳನ್ನು ಕಟ್ಟುವುದರಲ್ಲಿ ಮುಳುಗಿದ್ದ ದೊರೆ ಅವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತನೇ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರ ಇದೆ. ಅಮ್ಮ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಈಗ ಭಾನುವಾರ ನಮ್ಮ ಮೇಜಿಗೆ ಚುರುಮುರಿ ಅವರದೇ.

ನೀವೂ ಒಂದು ಭಾನುವಾರ ಮಗನ ಜೊತೆ ಹೋಗಿ ಕೂತು ನೋಡಿ. ಯಾವ ಒಳ್ಳೆಯ ಡಿಎಂ ಕೂಡ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಆ ಮೇಜಿಗೆ ಕಳಿಸಬೇಡಿ.

ನಿಯಮದ ಪುಸ್ತಕದ ಬೆಲೆ ಜಾಸ್ತಿ. ನಿಮ್ಮದೇ ಜೆರಾಕ್ಸ್ ಅಂಗಡಿ ಇದೆಯಲ್ಲ, ಪ್ಲೇಯರ್ಸ್ ಹ್ಯಾಂಡ್‌ಬುಕ್ ಪೂರ್ತಿ ತೆಗೆದು ಕೊಡುತ್ತೀರಾ?
— ಓದುಗ, ಮಂಡ್ಯ

ಕೊಡುವುದಿಲ್ಲ. ಆದರೆ ಬರಿಗೈಯಲ್ಲಿ ಕಳಿಸುವುದೂ ಇಲ್ಲ. ನಿಯಮಗಳ ತಿರುಳನ್ನು ಪ್ರಕಾಶಕರೇ ಬಿಡಿಯಾಗಿ ಕೊಟ್ಟಿದ್ದಾರೆ. ಅದರ ಹೆಸರು ಎಸ್‌ಆರ್‌ಡಿ. 2014ರ ನಿಯಮದ್ದು 5.1, ಅದನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು. 2024ರ ನಿಯಮದ್ದು 5.2, ಅದು 2025ರಲ್ಲಿ ಬಂತು. ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆಸಬಹುದು, ಅನುವಾದ ಮಾಡಬಹುದು. ಮೂಲ ಯಾರದು ಅಂತ ಹೇಳಿದರೆ ಆಯಿತು. 5.1 ಸುಮಾರು 400 ಪುಟ. ಎರಡೂ ಬದಿ ತೆಗೆಸಿ ಸ್ಪೈರಲ್ ಹಾಕಿಸಿದರೆ ವರ್ಷಗಟ್ಟಲೆ ಬರುತ್ತದೆ.

ಎಲ್ಲವೂ ಅದರಲ್ಲಿಲ್ಲ, ನಿಜ. 5.1ರಲ್ಲಿ ಪ್ರತಿ ಕ್ಲಾಸಿಗೆ ಒಂದೇ ಸಬ್‌ಕ್ಲಾಸ್ (ಒಳಬಗೆ), ಪಾತ್ರದ ಹಿನ್ನೆಲೆಯೂ ಒಂದೇ, ಫೀಟ್ (ವಿಶೇಷ ಸಾಮರ್ಥ್ಯ) ಕೂಡ ಒಂದೇ. ಆಡಲು ಶುರು ಮಾಡಲು ಅಷ್ಟು ಸಾಕು. ನಾನು ಶುರು ಮಾಡಿದ್ದೂ ಅಷ್ಟರಲ್ಲೇ. ಯುದ್ಧದ ಅಧ್ಯಾಯವನ್ನು ಕನ್ನಡದಲ್ಲಿ ನಾಲ್ಕು ಪುಟಕ್ಕೆ ಇಳಿಸಿ ಇಟ್ಟಿದ್ದೇನೆ. ಅಂಗಡಿಗೆ ಬಂದರೆ ಅದನ್ನು ದುಡ್ಡಿಲ್ಲದೆ ಕೊಡುತ್ತೇನೆ.

ಒಂದೇ ಸುತ್ತಿನಲ್ಲಿ ಎರಡು ದೈತ್ಯ ಓಗರ್‌ಗಳು ಹೊಡೆದವು, 9 ಮತ್ತು 24 ಅಂಕದ ಪೆಟ್ಟು. ನನ್ನ ಕಾನ್‌ಸಂಟ್ರೇಷನ್, ಅಂದರೆ ಮಂತ್ರವನ್ನು ಹಿಡಿದಿಡುವ ಏಕಾಗ್ರತೆ, ಉಳಿಯಿತಾ ಅಂತ ಎಷ್ಟು ಸಲ ದಾಳ ಹಾಕಬೇಕು? ಎಷ್ಟು ಬೀಳಬೇಕು?
— ವಿಝರ್ಡ್ ಆಡುವವಳು, ಜೆ.ಪಿ. ನಗರ

ಎರಡು ಸಲ, ಪೆಟ್ಟಿಗೆ ಒಂದರಂತೆ. 10 ಅಥವಾ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದು. ಮೊದಲನೆಯದಕ್ಕೆ 10, ಎರಡನೆಯದಕ್ಕೆ 12. ಎರಡನ್ನೂ ಕೂಡಿಸಿ 33ರ ಅರ್ಧ ಮಾಡಬೇಡಿ. ಕಾನ್‌ಸ್ಟಿಟ್ಯೂಷನ್‌ನಿಂದ ಬರುವುದನ್ನು ದಾಳಕ್ಕೆ ಸೇರಿಸುವುದು ಮರೆಯಬೇಡಿ.

ನಡುವೆ ಪೆಟ್ಟು ಬಿದ್ದಾಗ ಕಾನ್‌ಸಂಟ್ರೇಷನ್ ಇದೆ ಅನ್ನುವುದೇ ಮರೆತುಹೋಗುತ್ತದೆ. ನಮ್ಮ ಮೇಜಿನಲ್ಲಿ ಅದಕ್ಕೆ ಸೋಡಾ ಬಾಟಲಿಯ ಮುಚ್ಚಳ. ಮಂತ್ರ ಹಿಡಿದುಕೊಂಡವರ ದಾಳದ ಪಕ್ಕದಲ್ಲೇ ಇಡುತ್ತೇವೆ. ದಾಳಕ್ಕೆ ಕೈ ಹಾಕಿದರೆ ಮುಚ್ಚಳ ತಗುಲಲೇಬೇಕು. ಸ್ಪೆಲ್ ಸ್ಲಾಟ್‌ಗೂ, ಅಂದರೆ ಎಷ್ಟು ಸಲ ಮಂತ್ರ ಹಾಕಬಹುದು ಅನ್ನುವ ಲೆಕ್ಕಕ್ಕೂ, ಹೀಗೇ ಮಾಡಿಕೊಂಡಿದ್ದೇವೆ. ಐದನೇ ಲೆವೆಲ್ ವಿಝರ್ಡ್‌ಗೆ ಒಂದನೇ ಮಟ್ಟದ್ದು 4, ಎರಡನೆಯದು 3, ಮೂರನೆಯದು 2. ನಾಲ್ಕು ಹುಣಸೆ ಬೀಜ, ಮೂರು ಅಂಗಿ ಗುಂಡಿ, ಎರಡು ಕವಡೆ. ಮಂತ್ರ ಹಾಕಿದರೆ ಒಂದು ನನ್ನ ಕಡೆಗೆ ಸರಿಸಬೇಕು. ಮಳೆಯ ದಿನ ಕಣ್ಣೀರು ಹಾಕಿದ ಹುಡುಗಿಯೇ ಈ ಬೀಜಗಳನ್ನು ಮನೆಯಿಂದ ತೊಳೆದು ತಂದಳು. ಈಗ ಅವಳು ಫೋನನ್ನು ಬ್ಯಾಗಿನಲ್ಲೇ ಇಟ್ಟು ಆಡುತ್ತಾಳೆ.