ಮಧ್ಯರಾತ್ರಿ ಮಗು ನಗುತ್ತಿತ್ತು, ಅಪ್ಪ ಅಮ್ಮ ಜಗಳವಾಡುತ್ತಿದ್ದರು

ರಜೆ ಮುಗಿಯುವ ಹೊತ್ತಿಗೆ ಆಪ್ತಸಮಾಲೋಚನೆಗೆ ಅಂತ ನನ್ನ ಬಳಿ ಇಂಥ ದಂಪತಿಗಳು ಬರುವುದು ಜಾಸ್ತಿ. ಹೇಳಿಕೊಳ್ಳುವುದು ಗಂಡ ಹೆಂಡತಿ ಜಗಳವನ್ನು. ಕೆದಕಿದರೆ ಸಿಗುವುದು ದೂರದ ಪ್ರಯಾಣ, ನಿದ್ದೆಗೆಟ್ಟ ಮಗು, ಅದರ ಜೊತೆ ನಿದ್ದೆಗೆಟ್ಟ ದೊಡ್ಡವರು. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಬರೆಯುತ್ತಿದ್ದೇನೆ.

ಮಗುವಿಗೆ 9 ತಿಂಗಳು. ಅಜ್ಜಿಯ ಊರಿಂದ ಪೂರ್ವ ದಿಕ್ಕಿಗೆ ಪ್ರಯಾಣ, ಗಡಿಯಾರ 6 ಗಂಟೆ ಮುಂದೆ. ಬಂದು ವಾರ ದಾಟಿದರೂ ಮಗು ಮಲಗುವುದು ರಾತ್ರಿ 2ಕ್ಕೆ, ಏಳುವುದು ಮಧ್ಯಾಹ್ನ. "ಇವಳು ಎತ್ತಿಕೊಂಡೇ ಅಭ್ಯಾಸ ಕೆಡಿಸಿದ್ದಾಳೆ" ಅಂತ ಗಂಡ. "ಇವರು ರಾತ್ರಿ ಏಳೋದೇ ಇಲ್ಲ ಮೇಡಂ" ಅಂತ ಹೆಂಡತಿ.

ಎರಡನೇ ಭೇಟಿಯಲ್ಲಿ ನಾನು ಜಗಳದ ಸುದ್ದಿ ಬಿಟ್ಟೆ. ರಾತ್ರಿ 12ಕ್ಕೆ ಮನೆಯಲ್ಲಿ ಏನೇನು ನಡೆಯುತ್ತೆ, ಬಿಡಿಸಿ ಹೇಳಿ ಎಂದೆ. ಹಾಲ್‌ನ ದೀಪ ಹಾಕುತ್ತೇವೆ. ಆಟಿಕೆ ಕೊಡುತ್ತೇವೆ. ಆಮೇಲೆ ತಾಯಿ ಸ್ವಲ್ಪ ತಡೆದು, "ಅತ್ತೆಗೆ ವಿಡಿಯೋ ಕಾಲ್ ಮಾಡ್ತೀವಿ. ಅಲ್ಲಿ ಆಗ ಸಂಜೆ ಆರು, ಅವರಿಗೂ ಬಿಡುವು. ಅಜ್ಜಿ ಕಂಡ ತಕ್ಷಣ ಚಪ್ಪಾಳೆ, ಕೇಕೆ. ಆ ಹೊತ್ತಲ್ಲಿ ನಮ್ಮನೇಲಿ ಖುಷಿಯಾಗಿರೋದು ಅದೊಂದೇ" ಎಂದರು.

ನನಗೆ ಬೇಕಿದ್ದದ್ದು ಆ ಮಾತೇ. ಹಟಮಾರಿ ಮಗು, ಕೆಟ್ಟ ಅಭ್ಯಾಸ ಅಂತೆಲ್ಲ ಹೆಸರಿಟ್ಟಿದ್ದರಲ್ಲ, ಆ ಮಗು ಅಳುತ್ತಲೇ ಇರಲಿಲ್ಲ! ಅದರ ಮೈಗೆ ಅದು ಸಂಜೆ ಆಟದ ಹೊತ್ತು. ಕಣ್ಣಿಗೆ ಬೀಳುವ ಬೆಳಕು ನೋಡಿ ಮಿದುಳು ಹಗಲು ರಾತ್ರಿ ಲೆಕ್ಕ ಹಾಕುತ್ತದೆ. ಇವರ ಮನೆಯಲ್ಲಿ ರಾತ್ರಿ ದೀಪ, ಬೆಳಿಗ್ಗೆ "ಪಾಪ, ಮಲಗಲಿ" ಅಂತ ದಪ್ಪ ಪರದೆ. ಅಜ್ಜಿಯ ಊರಿನ ಸಮಯವನ್ನು ಇವರೇ ಜೋಪಾನ ಮಾಡಿಟ್ಟಿದ್ದರು. ಹೀಗೆಂದಾಗ ಗಂಡ ನಕ್ಕುಬಿಟ್ಟರು. ಹೆಂಡತಿಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ತನ್ನದೇ ತಪ್ಪು ಅಂತ ಅಷ್ಟು ದಿನ ಕೇಳಿಸಿಕೊಂಡಿದ್ದರಲ್ವಾ?

ಹೇಳಿದ್ದು ಇಷ್ಟು. ಅಜ್ಜಿಯ ಕಾಲ್ ಹಗಲಿಗೆ ಹಾಕಿ. ರಾತ್ರಿ ಮಗು ಎಚ್ಚರವಿದ್ದರೆ ಇರಲಿ. ಮಂದ ಬೆಳಕು, ಹಾಲು, ಡೈಪರ್, ಮೆಲುಮಾತು, ಅಷ್ಟೇ. ಬೇಜಾರಾಗುವಷ್ಟು ಸಪ್ಪೆಯಾಗಿರಲಿ. ಬೆಳಿಗ್ಗೆ ಒಂದೇ ಸಲ 6ಕ್ಕೆ ಎಬ್ಬಿಸಬೇಡಿ. ಒಳಗಿನ ಗಡಿಯಾರಕ್ಕೆ ಅದಿನ್ನೂ ನಡುರಾತ್ರಿ. ಆಗ ಬಿದ್ದ ಬೆಳಕು ನಿದ್ದೆಯನ್ನು ಇನ್ನಷ್ಟು ತಡಕ್ಕೆ ತಳ್ಳಬಹುದು. ಈಗ ಏಳುವ ಹೊತ್ತಿಗಿಂತ ದಿನಕ್ಕೊಂದು ಗಂಟೆ ಮುಂಚೆ ಎಬ್ಬಿಸಿ, ಎದ್ದ ಕೂಡಲೇ ಹೊರಗೆ ಕರೆದೊಯ್ಯಿರಿ. ನೆರಳಾದರೂ ಸಾಕು, ಮನೆಯ ದೀಪಕ್ಕಿಂತ ಹೊರಗಿನ ನೆರಳಿನ ಬೆಳಕೇ ಎಷ್ಟೋ ಹೆಚ್ಚು. ಸಂಜೆಯ ನಿದ್ದೆ ತುಂಬಾ ಹೊತ್ತು ಎಳೆಯಲು ಬಿಡಬೇಡಿ.

ಇನ್ನು ಪಾಳಿ. ರಾತ್ರಿ 1ರವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಮಗುವಿಗಿಂತ ಇವರಿಗೇ ಇದು ಜಾಸ್ತಿ ಬೇಕಿತ್ತು. ಮಗುವನ್ನು ಎದೆ ಮೇಲೆ ಮಲಗಿಸಿಕೊಂಡು ಸೋಫಾದಲ್ಲೇ ನಿದ್ದೆ ಹೋಗಿದ್ದೆ ಅಂತ ತಾಯಿ ಮಾತಿನ ನಡುವೆ ಹೇಳಿದಾಗ ನನಗೆ ಎದೆ ಧಸಕ್ಕೆಂದಿತು. ಸೋಫಾದ ಸಂದಿಯಲ್ಲಿ ಸಿಕ್ಕಿ ಮಗುವಿನ ಉಸಿರು ಕಟ್ಟಬಹುದು. ಕಣ್ಣು ಎಳೆಯುತ್ತಿದ್ದರೆ ಮಗುವನ್ನು ಅದರದೇ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಇನ್ನೊಬ್ಬರನ್ನು ಎಬ್ಬಿಸಿ. ಅವರು ಗೊಣಗಿದರೂ ಸರಿ.

ಯಾರೋ ಶೀತದ ಸಿರಪ್ ಹಾಕಿ ಅಂದಿದ್ದರಂತೆ. ಬೇಡವೇ ಬೇಡ. ಮಂಪರು ತರುವ ಔಷಧಿ ಎಳೆಮಕ್ಕಳ ಉಸಿರಾಟಕ್ಕೇ ಕುತ್ತು ತರಬಹುದು. ನಿದ್ದೆಗೆಂದು ಕೊಡುವ ಮೆಲಟೋನಿನ್ ಎಂಬ ಹಾರ್ಮೋನ್ ಕೂಡ ಮಕ್ಕಳ ವೈದ್ಯರನ್ನು ಕೇಳದೆ ಮುಟ್ಟುವಂಥದ್ದಲ್ಲ.

"ಅಳಲು ಬಿಟ್ಟು ತಾನೇ ಮಲಗೋದು ಕಲಿಸಬಹುದಿತ್ತಲ್ಲ" ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪಿಸಿದರು. ಆ ವಿಧಾನದ ಬಗ್ಗೆ ಬೇರೆ ಯಾವತ್ತಾದರೂ ವಾದ ಮಾಡೋಣ. ಸಂಜೆಯ ಹುರುಪಿನಲ್ಲಿರುವ ಮಗುವಿಗೆ ಕತ್ತಲಲ್ಲಿ ಒಂಟಿಯಾಗಿ ಅಳುವುದರಿಂದ ನಿದ್ದೆ ಎಲ್ಲಿಂದ ಬರಬೇಕು? ಮೈಯೇ ಸಿದ್ಧವಿಲ್ಲದಾಗ ಪಾಠ ಹೇಳುವುದು ದಂಡ. ನನ್ನ ಸಲಹೆ ನಿಧಾನ ಅನ್ನುವುದನ್ನು ಒಪ್ಪುತ್ತೇನೆ. ದೇಹ ಹೊಂದಿಕೊಳ್ಳುವುದೇ ಸುಮಾರು ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ. ಜ್ವರ, ಹಾಲು ಕುಡಿಯದಿರುವುದು, ಡೈಪರ್ ಒದ್ದೆಯಾಗುವುದು ಕಡಿಮೆಯಾಗುವುದು, ಎಬ್ಬಿಸಿದರೂ ಮಂಕಾಗಿರುವುದು, ಇವುಗಳನ್ನು ಮಾತ್ರ ಪ್ರಯಾಣದ ಆಯಾಸ ಅಂತ ಸುಮ್ನೆ ಬಿಡಬೇಡಿ, ವೈದ್ಯರಲ್ಲಿಗೆ ಹೋಗಿ.

ಮುಂದಿನ ಭೇಟಿಗೆ ಅವರು ಬಂದಾಗ ಮಗು ರಾತ್ರಿ 9ರ ಸುಮಾರಿಗೆ ಮಲಗುತ್ತಿತ್ತು. ಜಗಳ ಪೂರ್ತಿ ನಿಂತಿರಲಿಲ್ಲ, ಅದಕ್ಕೆ ಬೇರೆ ಕಾರಣಗಳೂ ಇದ್ದವು; ಅವನ್ನು ಈಗ ಮಾತಾಡುತ್ತಿದ್ದೇವೆ. ಹೊರಡುವಾಗ ಗಂಡ ಕೇಳಿದರು: "ಅಜ್ಜಿ ಊರಿಗೆ ವಾಪಸ್ ಹೋದಾಗ ಮತ್ತೆ ಇದೇ ಗೋಳಾ?" ಪಶ್ಚಿಮಕ್ಕೆ ಹೋಗುವುದು ಸಾಮಾನ್ಯವಾಗಿ ಸುಲಭ, ದೇಹಕ್ಕೆ ದಿನವನ್ನು ಹಿಗ್ಗಿಸುವುದೇ ಹಗುರ ಎಂದೆ. ಆದರೆ ಆಗ ಮಗು ಸಂಜೆಗೇ ತೂಕಡಿಸಿ ನಸುಕಿಗೆ ಬಹಳ ಮುಂಚೆ ಎದ್ದು ಕೂರುತ್ತೆ. ಆಗ ಬೆಳಕು ಬೇಕಾಗುವುದು ಸಾಯಂಕಾಲ. ನಸುಕಿನ ಪಾಳಿ ಯಾರದು ಅನ್ನುವುದನ್ನು ಟಿಕೆಟ್ ಬುಕ್ ಮಾಡುವಾಗಲೇ ತೀರ್ಮಾನಿಸಿಕೊಳ್ಳಿ ಎಂದೆ.